ಮೂವತ್ತೊಂಬತ್ತಕ್ಕೆ ವಕೀಲರಿಲ್ಲ

ಆಸ್ತಿ ಇಲ್ಲದ ಮನೆಯಲ್ಲಿ ಪಾಲಿನ ಜಗಳ ಇರುವುದಿಲ್ಲ. ನ್ಯೂಯಾರ್ಕ್ ಯಾಂಕೀಸ್ ಎಂಬ ಬೇಸ್‌ಬಾಲ್ ಮನೆತನಕ್ಕೆ 27 ವರ್ಲ್ಡ್ ಸೀರೀಸ್ ಗೆಲುವುಗಳ ಆಸ್ತಿ ಇದೆ. ಅವರ ನಂತರದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಹತ್ತಿರ ಇರುವುದು 11. ಇಷ್ಟು ಅಂತರ ಇದ್ದ ಮೇಲೆ ಹೊರಗಿನವರ ಜೊತೆ ಕಾದಾಡಿ ಏನು ಸುಖ? ಅದಕ್ಕೇ ಯಾಂಕೀಸ್ ಅಭಿಮಾನಿಗಳು ತಮ್ಮತಮ್ಮಲ್ಲೇ ತೊಡೆ ತಟ್ಟುತ್ತಾರೆ. ನಮ್ಮ ತಂಡಗಳಲ್ಲೆಲ್ಲ ಅತಿ ದೊಡ್ಡ ತಂಡ ಯಾವ ವರ್ಷದ್ದು? 1927ರದ್ದೋ, 1961ರದ್ದೋ, 1998ರದ್ದೋ? ಇಷ್ಟು ಕೇಳಿ ನೀವು ಬದಿಗೆ ಸರಿದು ನಿಂತರೆ ಸಾಕು, ಸಂಜೆಯ ತನಕ ಮನರಂಜನೆಗೆ ಕೊರತೆಯಿಲ್ಲ.

ನನಗೆ ಈ ಜಗಳದ ದೀಕ್ಷೆ ಸಿಕ್ಕಿದ್ದು ನ್ಯೂಜೆರ್ಸಿಯ ಒಂದು ಕ್ಷೌರದಂಗಡಿಯಲ್ಲಿ. ಯಜಮಾನರು ಇಟಲಿ ಮೂಲದವರು, ಎಪ್ಪತ್ತು ದಾಟಿದವರು, ಬ್ರಾಂಕ್ಸ್‌ನಲ್ಲಿ ಹುಟ್ಟಿ ಬೆಳೆದವರು. ಕನ್ನಡಿಯ ಅಂಚಿಗೆ ಮಿಕಿ ಮ್ಯಾಂಟಲ್ ಮತ್ತು ರಾಜರ್ ಮ್ಯಾರಿಸ್ ಜೊತೆಯಾಗಿ ನಿಂತ ಚಿತ್ರ ಸಿಕ್ಕಿಸಿದ್ದಾರೆ. ಬಿಸಿಲಿಗೆ ಬಣ್ಣ ಹೋಗಿ ಇಬ್ಬರೂ ಹಳದಿಯಾಗಿದ್ದಾರೆ. 1961ರಲ್ಲಿ ಯಜಮಾನರಿಗೆ ಹತ್ತು ವರ್ಷ. ಆದ್ದರಿಂದ ಮಹಾ ತಂಡ 1961ರದ್ದು. ಇದನ್ನು ವಾದ ಅನ್ನಲಾಗದು, ಜಾತಕ ಅನ್ನಬೇಕು. ತಲೆ ಅವರ ಕೈಯಲ್ಲಿ, ಕತ್ತರಿಯೂ ಅವರ ಕೈಯಲ್ಲಿ. ಯಾರು ತಾನೆ ಎದುರಾಡುತ್ತಾರೆ?

ಹಾಗೆಂದು ಅವರ ಕೈಯಲ್ಲಿರುವ ದಾಖಲೆಗಳೇನೂ ಕಡಿಮೆಯಲ್ಲ. ಆ ವರ್ಷ ಯಾಂಕೀಸ್ 109 ಪಂದ್ಯ ಗೆದ್ದಿತು. ಇಡೀ ತಂಡ 240 ಹೋಮ್‌ರನ್ ಹೊಡೆಯಿತು. ಮ್ಯಾಂಟಲ್ 54, ಮ್ಯಾರಿಸ್ 61. ಕ್ಯಾಚರ್ ಕೆಲಸ ಬಲ್ಲ ಯೋಗಿ ಬೆರಾ, ಎಲ್ಸ್ಟನ್ ಹೋವರ್ಡ್, ಜಾನಿ ಬ್ಲಾಂಚರ್ಡ್ ಮೂವರೂ ತಲಾ ಇಪ್ಪತ್ತರ ಮೇಲೆ. ಪಿಚರ್ ವೈಟಿ ಫೋರ್ಡ್ 25 ಗೆದ್ದು ಬರೀ 4 ಸೋತ. ಆದರೆ ನಮ್ಮ ಯಜಮಾನರಿಗೆ ಈ ಅಂಕಿಗಳಿಗಿಂತ ಮ್ಯಾರಿಸ್ ಪಟ್ಟ ಪಾಡೇ ಮುಖ್ಯ. ಬೇಬ್ ರೂತ್‌ನ 60 ಹೋಮ್‌ರನ್‌ಗಳ ದಾಖಲೆ ಮುರಿಯಲು ಹೊರಟದ್ದೇ ಅವನ ಅಪರಾಧ. ಮ್ಯಾಂಟಲ್ ಮುರಿದರೆ ಸರಿ, ಅವನು ನಮ್ಮ ಮನೆಯ ಹುಡುಗ; ನಿನ್ನೆಮೊನ್ನೆ ಕ್ಯಾನ್ಸಸ್ ಸಿಟಿಯಿಂದ ಬಂದ ಇವನ್ಯಾರು ಅಂತ ಸ್ವಂತ ಊರಿನವರೇ ಮೂತಿ ತಿರುವಿದರು. ಬೇಸ್‌ಬಾಲ್ ಕಮಿಷನರ್ ಫೋರ್ಡ್ ಫ್ರಿಕ್ ಸಾಹೇಬರು, ರೂತ್ ಆಡಿದ್ದು 154 ಪಂದ್ಯಗಳ ಋತು, ಈಗಿನದು 162, ಹೆಚ್ಚುವರಿ ಎಂಟು ಪಂದ್ಯಗಳಲ್ಲಿ ಮುರಿದರೆ ಅದಕ್ಕೆ ಬೇರೆ ಲೆಕ್ಕ ಅಂತ ಫರ್ಮಾನು ಹೊರಡಿಸಿದರು. ಈ ಫ್ರಿಕ್ ಒಂದು ಕಾಲಕ್ಕೆ ಪತ್ರಕರ್ತರಾಗಿದ್ದಾಗ ರೂತ್ ಹೆಸರಿನಲ್ಲಿ ಲೇಖನ ಬರೆದುಕೊಡುತ್ತಿದ್ದವರು. ಇದನ್ನು ಯಜಮಾನರು ಪ್ರತಿ ಸಲವೂ ಕಿವಿಯ ಹತ್ತಿರ ಬಗ್ಗಿ, ಪರಮ ಗುಟ್ಟು ಎಂಬಂತೆ ಹೇಳುತ್ತಾರೆ.

ಚಿಂತೆಗೆ ಮ್ಯಾರಿಸ್‌ನ ತಲೆಗೂದಲು ಗೊಂಚಲು ಗೊಂಚಲಾಗಿ ಉದುರತೊಡಗಿತು. ಕಥೆಯ ಈ ಭಾಗಕ್ಕೆ ಬಂದಾಗ ಕತ್ತರಿ ಒಂದು ಗಳಿಗೆ ನಿಲ್ಲುತ್ತದೆ. ಅಭಿಮಾನಿಯ ದುಃಖದ ಜೊತೆಗೆ ವೃತ್ತಿಯ ದುಃಖವೂ ಸೇರಿರಬೇಕು. ಋತುವಿನ ಕೊನೆಯ ದಿನ, ಅಕ್ಟೋಬರ್ 1ರಂದು, ಬಾಸ್ಟನ್‌ನ ಟ್ರೇಸಿ ಸ್ಟಾಲರ್ಡ್ ಎಸೆದ ಚೆಂಡನ್ನು ಬಲಗಡೆಯ ಗ್ಯಾಲರಿಗೆ ಹೊಡೆದು ಮ್ಯಾರಿಸ್ 61 ಮುಟ್ಟಿದ. ಆ ಭಾರಿ ಸ್ಟೇಡಿಯಮ್ಮಿನಲ್ಲಿ ಅವತ್ತು ಇದ್ದವರು 23,154 ಜನ, ಅರ್ಧವೂ ತುಂಬಿರಲಿಲ್ಲ. ಆದರೆ ಅಂದು ನಾನು ಅಲ್ಲೇ ಇದ್ದೆ ಅನ್ನುವವರು ನ್ಯೂಜೆರ್ಸಿಯೊಂದರಲ್ಲೇ ಅದರ ಎರಡರಷ್ಟು ಸಿಗುತ್ತಾರೆ.

ಒಮ್ಮೆ ಧೈರ್ಯ ಮಾಡಿ, "ಅಷ್ಟೆಲ್ಲ ಹೋಮ್‌ರನ್ ಹೊಡೆದರೂ ಆ ವರ್ಷ ಒಟ್ಟು ರನ್ ಜಾಸ್ತಿ ಮಾಡಿದ್ದು ಡೆಟ್ರಾಯಿಟ್ ಅಲ್ಲವೇ ಸಾರ್?" ಅಂದುಬಿಟ್ಟೆ. ಯಜಮಾನರು ಏನೂ ಹೇಳಲಿಲ್ಲ. ಮನೆಗೆ ಬಂದು ನೋಡಿಕೊಂಡರೆ ಎಡಗಿವಿಯ ಮೇಲೆ ಇರುವಷ್ಟು ಕೂದಲು ಬಲಗಿವಿಯ ಮೇಲೆ ಇರಲಿಲ್ಲ.

ಮನೆಯೊಳಗಿನ ವಕೀಲ ಬೇರೆ ಇದ್ದಾನೆ, ನನ್ನ ಹೆಂಡತಿಯ ತಮ್ಮ. ಎರಡು ಸಾವಿರ ಇಸವಿ ಬಂದರೆ ಕಂಪ್ಯೂಟರುಗಳಿಗೆಲ್ಲ ಬುದ್ಧಿಭ್ರಮಣೆಯಾಗುತ್ತದೆ ಅಂತ ಅಮೆರಿಕ ಗಾಬರಿಬಿದ್ದು ಬೆಂಗಳೂರಿನ ಹುಡುಗರನ್ನು ವಿಮಾನಗಟ್ಟಲೆ ಕರೆಸಿಕೊಂಡಿತಲ್ಲ, ಆ ಸಂತೆಯಲ್ಲಿ ಇವನೂ 1998ರಲ್ಲಿ ಎಡಿಸನ್‌ಗೆ ಬಂದಿಳಿದ. ಒಂದು ಅಪಾರ್ಟ್‌ಮೆಂಟು, ನಾಲ್ವರು ಹುಡುಗರು, ಒಂದು ಕುಕ್ಕರು, ಒಂದು ಟೀವಿ. ಟೀವಿಯಲ್ಲಿ ಕ್ರಿಕೆಟ್ ಬರುತ್ತಿರಲಿಲ್ಲ, ಬರುತ್ತಿದ್ದುದು ಯಾಂಕೀಸ್. ಇವನ ಲೆಕ್ಕದಲ್ಲಿ ಬೇಸ್‌ಬಾಲ್ ಹುಟ್ಟಿದ್ದೇ ಆ ವರ್ಷ. ಅದಕ್ಕೂ ಹಿಂದೆ ನಡೆದದ್ದೆಲ್ಲ ಪುರಾಣ.

"ಭಾವ, 114 ಗೆಲುವು, 48 ಸೋಲು. ಆಮೇಲೆ ಪ್ಲೇಆಫಲ್ಲಿ 11 ಗೆದ್ದು ಬರೀ 2 ಸೋತ್ರು. ಒಟ್ಟು 125! ನಿಮ್ಮ ಯಾವ ಅಜ್ಜನ ಕಾಲದ ಟೀಮು ಅಷ್ಟು ಗೆದ್ದಿದೆ ಹೇಳಿ ನೋಡೋಣ?" ಅಜ್ಜಂದಿರ ಕಾಲದಲ್ಲಿ ಅಷ್ಟು ಪಂದ್ಯವೇ ಇರುತ್ತಿರಲಿಲ್ಲವೋ ಮಾರಾಯ ಅಂದರೆ ಅವನಿಗೆ ಕೇಳಿಸುವುದಿಲ್ಲ.

ಅವನ ತಂಡದ ಬಗ್ಗೆ ನನಗೂ ಒಳಗೊಳಗೇ ಪ್ರೀತಿ ಇದೆ ಅನ್ನುವುದು ಬೇರೆ ಮಾತು. ಮೊದಲ ಐದು ಪಂದ್ಯಗಳಲ್ಲಿ ನಾಲ್ಕು ಸೋತು, ಮ್ಯಾನೇಜರ್ ಜೋ ಟೊರಿಯ ಕೆಲಸ ಇವತ್ತು ಹೋಗುತ್ತೋ ನಾಳೆಯೋ ಅಂತ ಪತ್ರಿಕೆಗಳು ಗುಸುಗುಸು ಶುರುಮಾಡಿದ್ದವು. ಏಪ್ರಿಲ್ 13ರಂದು ಮೈದಾನ ಖಾಲಿ ಇದ್ದಾಗ ಐನೂರು ಪೌಂಡು ತೂಕದ ಉಕ್ಕಿನ ತೊಲೆಯೊಂದು ಯಾಂಕೀ ಸ್ಟೇಡಿಯಮ್ಮಿನ ಕುರ್ಚಿಗಳ ಮೇಲೆ ಬಿತ್ತು. ತಂಡದವರು ಗಂಟುಮೂಟೆ ಕಟ್ಟಿಕೊಂಡು ಊರಿನ ಇನ್ನೊಂದು ತಂಡವಾದ ಮೆಟ್ಸ್‌ನವರ ಷೇ ಸ್ಟೇಡಿಯಮ್ಮಿಗೆ ಹೋಗಿ ಒಂದು ಪಂದ್ಯ ಆಡಿ ಬಂದರು. ಮೇ 17ರಂದು ಡೇವಿಡ್ ವೆಲ್ಸ್ ಎಂಬ ಗುಡಾಣ ಹೊಟ್ಟೆಯ ಪಿಚರ್ ಮಿನೆಸೋಟದ 27 ಜನರನ್ನು ಒಬ್ಬನೂ ಬೇಸ್ ಮುಟ್ಟದಂತೆ ಸಾಲಾಗಿ ಮನೆಗೆ ಕಳಿಸಿದ. ಹಿಂದಿನ ರಾತ್ರಿಯ ಅಮಲು ಅವತ್ತು ಇನ್ನೂ ಇಳಿದಿರಲಿಲ್ಲ ಅಂತ ಆಮೇಲೆ ತಾನೇ ಬರೆದುಕೊಂಡ. ಕ್ಯೂಬಾದಿಂದ ದೋಣಿಯಲ್ಲಿ ತಪ್ಪಿಸಿಕೊಂಡು ಬಂದ ಒರ್ಲಾಂಡೊ ಹೆರ್ನಾಂಡೆಸ್ ಅದೇ ವರ್ಷ ಈ ತಂಡ ಸೇರಿದ. ಇಷ್ಟಾಗಿಯೂ ಇಡೀ ತಂಡದಲ್ಲಿ ಮೂವತ್ತು ಹೋಮ್‌ರನ್ ಹೊಡೆದವನು ಒಬ್ಬನೂ ಇಲ್ಲ. ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರನಾದ ಸ್ಕಾಟ್ ಬ್ರೋಷಿಯಸ್, ಹಿಂದಿನ ವರ್ಷ ಓಕ್‌ಲ್ಯಾಂಡ್‌ನಲ್ಲಿ .203 ಸರಾಸರಿಯಲ್ಲಿ ತಿಣುಕುತ್ತಿದ್ದ ಮನುಷ್ಯ.

ಭಾವಮೈದನ ಬಾಯಿ ಮುಚ್ಚಿಸಬೇಕಾದರೆ ಒಂದೇ ಒಂದು ಹೆಸರು ಸಾಕು, ಚಕ್ ನಾಬ್ಲಾಕ್. ಅಕ್ಟೋಬರಿನಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧದ ಎರಡನೆಯ ಪಂದ್ಯ, ಹನ್ನೆರಡನೆಯ ಇನ್ನಿಂಗ್ಸ್. ಚೆಂಡು ಓಟಗಾರನ ಬೆನ್ನಿಗೆ ಬಡಿದು ಮೊದಲ ಬೇಸಿನ ಆಚೆ ಉರುಳಿಕೊಂಡು ಹೋಯಿತು. ನಾಬ್ಲಾಕ್ ಅದನ್ನು ಎತ್ತಿಕೊಳ್ಳುವುದು ಬಿಟ್ಟು, ಬಾಯಲ್ಲಿ ಚೂಯಿಂಗ್ ಗಮ್ ಜಗಿಯುತ್ತ, ಬೆರಳು ತೋರಿಸಿ ಅಂಪೈರ್ ಜೊತೆ ನ್ಯಾಯ ಮಾತಾಡುತ್ತ ನಿಂತ. ಚೆಂಡು ನೆಲದಲ್ಲಿ, ನ್ಯಾಯ ಗಾಳಿಯಲ್ಲಿ. ಅಷ್ಟರಲ್ಲಿ ಮೊದಲ ಬೇಸಿನಲ್ಲಿದ್ದ ಎನ್ರೀಕೆ ವಿಲ್ಸನ್ ಎಡವಿಕೊಂಡು ಓಡಿ ಮನೆ ಮುಟ್ಟಿಬಿಟ್ಟ. "ಅದೊಂದು ಬಿಟ್ಟಾಕಿ ಭಾವ," ಅನ್ನುತ್ತಾನೆ ನಮ್ಮ ವಕೀಲ. ಮಹಾ ತಂಡದ ಬಗ್ಗೆ ಮಾತಾಡುವವರಿಗೆಲ್ಲ ಇಂಥದ್ದೊಂದು ಬಿಟ್ಟಾಕಬೇಕಾದ ಪಂದ್ಯ ಇರುತ್ತದೆ.

1927ರ ತಂಡಕ್ಕೆ ವಕೀಲರೇ ಬೇಕಿಲ್ಲ. ಆ ತಂಡದ ಆಟ ನೋಡಿದವರು ಹುಡುಕಿದರೂ ಸಿಗಲಾರರು, ಆದರೂ ಅದೇ ಮಹಾ ತಂಡ ಅನ್ನುವುದು ಸರ್ಕಾರಿ ಗೆಜೆಟ್‌ನಲ್ಲಿ ಬಂದಷ್ಟೇ ಖಚಿತವಾಗಿ ಊರಿಗೆಲ್ಲ ಗೊತ್ತು. 110 ಗೆಲುವು. ರೂತ್ ಒಬ್ಬನೇ 60 ಹೋಮ್‌ರನ್ ಹೊಡೆದ ವರ್ಷ ಅದು. ಅಮೆರಿಕನ್ ಲೀಗಿನ ಉಳಿದ ಏಳು ತಂಡಗಳಲ್ಲಿ ಯಾವುದೂ, ಇಡೀ ತಂಡ ಸೇರಿಯೂ, ಅಷ್ಟು ಹೊಡೆಯಲಿಲ್ಲ. ಹತ್ತಿರ ಬಂದ ಫಿಲಡೆಲ್ಫಿಯಾದವರದು 56. ರೂತ್‌ನ ಹಿಂದೆಯೇ ಬ್ಯಾಟ್ ಹಿಡಿದು ಬರುತ್ತಿದ್ದ ಲೂ ಗೆರಿಗ್ 47. ಲೀಗಿನಲ್ಲಿ ಮೂರನೆಯ ಸ್ಥಾನ ಟೋನಿ ಲಜ್ಜೆರಿಗೆ, ಬರೀ 18. ಅವನೂ ಇದೇ ಮನೆಯವನು! ವರ್ಲ್ಡ್ ಸೀರೀಸ್ ಶುರುವಾಗುವ ಮುನ್ನ ಇವರ ಅಭ್ಯಾಸ ನೋಡಿಯೇ ಪಿಟ್ಸ್‌ಬರ್ಗ್ ಪೈರೇಟ್ಸ್‌ನವರ ಕೈಕಾಲು ತಣ್ಣಗಾಯಿತು ಎಂಬ ಕಥೆ ಇದೆ. ಪಿಟ್ಸ್‌ಬರ್ಗ್‌ನ ಆಟಗಾರರು ಆಮೇಲೆ ಅದೆಲ್ಲ ಸುಳ್ಳು ಅಂದರು. ಸೋತವರ ಸಾಕ್ಷಿಯನ್ನು ಯಾರು ತೆಗೆದುಕೊಳ್ಳುತ್ತಾರೆ? ಕಥೆ ಇನ್ನೂ ಓಡುತ್ತಿದೆ.

ಆದರೆ ಆ ಸರಣಿಯ ಕೊನೆಯ ಗಳಿಗೆ ಏನಾಯಿತು ಅಂತ ಗೆಜೆಟ್ ಹೇಳುವುದಿಲ್ಲ, ಆದ್ದರಿಂದ ನಾನು ಹೇಳಬೇಕಾಗಿದೆ. ನಾಲ್ಕನೆಯ ಪಂದ್ಯ, ಒಂಬತ್ತನೆಯ ಇನ್ನಿಂಗ್ಸ್, ಎರಡೂ ಕಡೆ ಸಮ. ಯಾಂಕೀಸ್‌ಗೆ ಮೂರೂ ಬೇಸ್ ಭರ್ತಿ, ಒಬ್ಬನೂ ಔಟಿಲ್ಲ. ಪಿಟ್ಸ್‌ಬರ್ಗ್‌ನ ಪಿಚರ್ ಜಾನಿ ಮಿಲ್ಜಸ್ ಮೊದಲು ಗೆರಿಗ್‌ನನ್ನು ಸ್ಟ್ರೈಕೌಟ್ ಮಾಡಿದ. ಆಮೇಲೆ ಬಾಬ್ ಮ್ಯೂಸೆಲ್‌ನನ್ನೂ ಮಾಡಿದ. ಅಲ್ಲಿಗೆ ಪ್ರಪಂಚದ ಅತಿ ಭಯಂಕರ ಬ್ಯಾಟಿಂಗ್ ಸಾಲು ಒಬ್ಬ ಸಾಧಾರಣ ಪಿಚರ್ ಮುಂದೆ ಬಾಲ ಮುದುರಿತ್ತು. ಮುಂದೆ ಬಂದವನು ಲಜ್ಜೆರಿ. ಮಿಲ್ಜಸ್‌ನ ಕೈಜಾರಿದ ಚೆಂಡು ಕ್ಯಾಚರ್‌ನನ್ನು ದಾಟಿ ಓಡಿತು, ಮೂರನೆಯ ಬೇಸಿನಲ್ಲಿದ್ದ ಅರ್ಲ್ ಕೂಂಬ್ಸ್ ಬಂದು ಮನೆ ತುಳಿದ, ಆಟ ಮುಗಿಯಿತು. ಮರ್ಡರರ್ಸ್ ರೋ ಎಂಬ ಬಿರುದು ಹೊತ್ತವರು ಕಪ್ ಎತ್ತಿದ್ದು ಬ್ಯಾಟು ಬೀಸದೆ.

ಈಗ ನನ್ನ ಕಕ್ಷಿದಾರ. ಮಹಾಸಭೆಯಲ್ಲಿ ಯಾರೂ ಹೆಸರೆತ್ತದ, ಎತ್ತಿದರೂ ಯಾರೂ ತಿರುಗಿ ನೋಡದ 1939ರ ಯಾಂಕೀಸ್. 106 ಗೆಲುವು, 45 ಸೋಲು. ವರ್ಲ್ಡ್ ಸೀರೀಸ್‌ನಲ್ಲಿ ಸಿನ್ಸಿನಾಟಿ ವಿರುದ್ಧ ನಾಲ್ಕಕ್ಕೆ ನಾಲ್ಕು. ಅದು ಸತತ ನಾಲ್ಕನೆಯ ವರ್ಷದ ಕಪ್. ಮಾಡಿದ ರನ್ 967, ಬಿಟ್ಟುಕೊಟ್ಟದ್ದು 556. ಕಳೆದರೆ 411. ಅದೇ ಲೆಕ್ಕ 1927ರ ತಂಡಕ್ಕೆ ಹಾಕಿದರೆ 376. ಭಾವಮೈದನ 1998ಕ್ಕೆ 309. ಕ್ಷೌರದಂಗಡಿಯ ತಂಡಕ್ಕೆ ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ, ತಿಂಗಳಿಗೊಮ್ಮೆ ಅಲ್ಲಿಗೆ ಹೋಗಬೇಕು.

ಎದುರಾಳಿಯನ್ನು ಅಷ್ಟು ಹೊಡೆದು, ತಾವು ಇಷ್ಟೇ ತಿಂದ ತಂಡ ಈ ಮನೆತನದಲ್ಲಿ ಇನ್ನೊಂದಿಲ್ಲ. ಜೂನ್ 28ರಂದು ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಪಂದ್ಯ ಇತ್ತು; 23-2, 10-0. ಒಂದು ದಿನಕ್ಕೆ ಹದಿಮೂರು ಹೋಮ್‌ರನ್. ಹಾಗಂತ ಇದು ಬರೀ ಹೊಡೆತದ ತಂಡವೂ ಅಲ್ಲ. ಏಳು ಪಿಚರ್‌ಗಳು ಹತ್ತು ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಗೆದ್ದುಕೊಟ್ಟರು. ಸೆಂಟರ್ ಫೀಲ್ಡ್‌ನಲ್ಲಿ .381 ಸರಾಸರಿಯ ಜೋ ಡಿಮ್ಯಾಜಿಯೊ. ಕ್ಯಾಚರ್ ಬಿಲ್ ಡಿಕಿ. 1927ರವರಲ್ಲಿ ಆ ಜಾಗಕ್ಕೆ ಮೂವರು ಸರದಿಯ ಮೇಲೆ ಕೂರುತ್ತಿದ್ದರು, ಮೂವರನ್ನೂ ಒಟ್ಟು ಸೇರಿಸಿದರೂ ಒಬ್ಬ ಡಿಕಿ ಆಗುತ್ತಿರಲಿಲ್ಲ.

ಮತ್ತೆ ಯಾಕೆ ಇದಕ್ಕೆ ವಕೀಲರಿಲ್ಲ? ನನಗನಿಸುವುದು ಇಷ್ಟು. ಕಳೆಯುವ ಲೆಕ್ಕದಿಂದ ಬಂದ ಸಂಖ್ಯೆಗೆ ಯಾರೂ ಶಿಳ್ಳೆ ಹೊಡೆಯುವುದಿಲ್ಲ. 60 ಅಂದರೆ ರೂತ್‌ನ ಮುಖ ಕಣ್ಣಿಗೆ ಬರುತ್ತದೆ, 61 ಅಂದರೆ ಮ್ಯಾರಿಸ್‌ನದು. 411ಕ್ಕೆ ಮುಖ ಇಲ್ಲ. ಡಿಮ್ಯಾಜಿಯೊ ಹೊಡೆದದ್ದು 30 ಹೋಮ್‌ರನ್. ಅದಕ್ಕೆ ಯಾರೂ ಬ್ಯಾನರ್ ಕಟ್ಟಲಿಲ್ಲ.

ಇನ್ನೊಂದು ಕಾರಣದ ಮುಂದೆ ನನ್ನಂಥ ಬಾಯಿಬಡುಕನೂ ದನಿ ತಗ್ಗಿಸಬೇಕಾಗುತ್ತದೆ. ತಂಡದ ಕ್ಯಾಪ್ಟನ್ ಗೆರಿಗ್ 1925ರಿಂದ ಒಂದು ಪಂದ್ಯವನ್ನೂ ತಪ್ಪಿಸದೆ ಸಾಲಾಗಿ 2,130 ಆಡಿದ್ದ. 1939ರ ಏಪ್ರಿಲ್‌ನಲ್ಲಿ ಅವನ ಕೈಕಾಲು ಅವನ ಮಾತು ಕೇಳದಾದವು. ಮೇ 2ರಂದು ಡೆಟ್ರಾಯಿಟ್‌ನಲ್ಲಿ ಮ್ಯಾನೇಜರ್ ಜೋ ಮೆಕಾರ್ಥಿ ಹತ್ತಿರ ತಾನೇ ಹೋಗಿ, ಇವತ್ತು ನನ್ನನ್ನು ಕೈಬಿಡಿ ಅಂದ. ಕ್ಯಾಪ್ಟನ್ ಆದ್ದರಿಂದ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಬೇಕಾದವನು ಅವನೇ. ತನ್ನ ಹೆಸರಿಲ್ಲದ ಪಟ್ಟಿ ಹಿಡಿದು ನಡೆದುಕೊಂಡು ಹೋದ. ಅವನ ಜಾಗಕ್ಕೆ ಬಂದ ಬೇಬ್ ಡಾಲ್‌ಗ್ರೆನ್ ಅಂದೇ ಒಂದು ಹೋಮ್‌ರನ್ ಹೊಡೆದ, ಯಾಂಕೀಸ್ 22-2ರಿಂದ ಗೆದ್ದಿತು. ಅದು ಏಎಲ್‌ಎಸ್ ಎಂಬ ಕಾಯಿಲೆ ಅಂತ ಜೂನ್‌ನಲ್ಲಿ ಗೊತ್ತಾಯಿತು. ಜುಲೈ 4ರಂದು ಯಾಂಕೀ ಸ್ಟೇಡಿಯಮ್ಮಿನಲ್ಲಿ 61,808 ಜನರ ಎದುರು ಅವನಿಗೆ ಬೀಳ್ಕೊಡುಗೆ. 1927ರ ಹಳೆಯ ಜೊತೆಗಾರರು ಸೂಟು ಹಾಕಿಕೊಂಡು ಬಂದು ಸಾಲಾಗಿ ನಿಂತಿದ್ದರು; ಎಷ್ಟೋ ವರ್ಷದಿಂದ ಮಾತು ಬಿಟ್ಟಿದ್ದ ರೂತ್ ಮುಂದೆ ಬಂದು ಗೆರಿಗ್‌ನ ಕುತ್ತಿಗೆಗೆ ಕೈ ಹಾಕಿ ತಬ್ಬಿಕೊಂಡ. ಗೆರಿಗ್‌ನ 4ನೇ ನಂಬರನ್ನು ಮುಂದೆ ಯಾರಿಗೂ ಕೊಡಬಾರದೆಂದಾಯಿತು. ಮೇಜರ್ ಲೀಗ್‌ನಲ್ಲಿ ಒಬ್ಬ ಆಟಗಾರನ ನಂಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಹೀಗಾಗಿ 1939 ಅಂದಕೂಡಲೇ ಜನ ಕರವಸ್ತ್ರ ಹುಡುಕುತ್ತಾರೆ. ಆ ಹೊತ್ತಿನಲ್ಲಿ ನಾನು ಎದ್ದುನಿಂತು, ಸ್ವಾಮಿ, ರನ್ ಅಂತರ 411 ಅಂತ ಹೇಳಿದರೆ ಸಾವಿನ ಮನೆಯಲ್ಲಿ ಸಾಲದ ಲೆಕ್ಕ ತೆಗೆದವನನ್ನು ನೋಡುವ ಕಣ್ಣಲ್ಲಿ ನನ್ನನ್ನು ನೋಡುತ್ತಾರೆ.

ಆದರೂ ಒಂದು ಸರ್ಟಿಫಿಕೇಟು ನನ್ನ ಜೇಬಿನಲ್ಲಿದೆ. ಆ ಋತು ಮುಗಿದ ಮೇಲೆ ಅಮೆರಿಕನ್ ಲೀಗಿನ ಉಳಿದ ಮಾಲೀಕರೆಲ್ಲ ಒಟ್ಟಾಗಿ ಒಂದು ಕಾನೂನು ಮಾಡಿಕೊಂಡರು: ಲೀಗ್ ಗೆದ್ದ ತಂಡದ ಜೊತೆ ಯಾರೂ ಆಟಗಾರರ ಕೊಡುಕೊಳ್ಳುವಿಕೆ ಮಾಡಕೂಡದು. ಹೆಸರು ಹಾಕಿರಲಿಲ್ಲ ಅಷ್ಟೆ, ಬಹಿಷ್ಕಾರ ಯಾರಿಗೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. 1927ರ ತಂಡಕ್ಕೆ ಜನ ಹೆದರಿದರೋ ಇಲ್ಲವೋ, ಅದು ಕಥೆ. 1939ರ ತಂಡಕ್ಕೆ ಹೆದರಿದ್ದು ನಿಯಮಾವಳಿಯಲ್ಲೇ ದಾಖಲಾಗಿತ್ತು.

ಎದುರು ಪಕ್ಷದವರು ಸುಮ್ಮನಿರುತ್ತಾರೆಯೇ? "ಭಾವ, ಆ ವರ್ಷ ಸೇಂಟ್ ಲೂಯಿಸ್ ಬ್ರೌನ್ಸ್ ಎಷ್ಟು ಸೋತ್ರು ಗೊತ್ತಾ? 111! ಅಂಥವರನ್ನ ಹೊಡೆದು 411 ಮಾಡೋದು ಏನು ಮಹಾ?" ಅನ್ನುತ್ತಾನೆ ಭಾವಮೈದ. ನಿಜ, ಬ್ರೌನ್ಸ್ ಗೆದ್ದದ್ದು 43, ಸೋತದ್ದು 111. ಅವನ ಇನ್ನೊಂದು ಬಾಣ ಇದಕ್ಕಿಂತ ಮೊನಚು, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. 1927ರಲ್ಲಾಗಲಿ 1939ರಲ್ಲಾಗಲಿ ಕಪ್ಪು ಜನಾಂಗದ ಆಟಗಾರರಿಗೆ ಮೇಜರ್ ಲೀಗಿನ ಬಾಗಿಲು ಮುಚ್ಚಿತ್ತು. ಬ್ರೂಕ್ಲಿನ್‌ನವರು ಜಾಕಿ ರಾಬಿನ್‌ಸನ್‌ನನ್ನು 1947ರಲ್ಲಿ ಕಣಕ್ಕಿಳಿಸಿದರೂ ಯಾಂಕೀಸ್‌ಗೆ ಎಲ್ಸ್ಟನ್ ಹೋವರ್ಡ್‌ನನ್ನು ತರಲು 1955 ಆಗಬೇಕಾಯಿತು. ಅರ್ಧ ದೇಶವನ್ನು ಹೊರಗೆ ನಿಲ್ಲಿಸಿ ಗೆದ್ದವರನ್ನು ಯಾವ ಬಾಯಿಂದ ಮಹಾ ತಂಡ ಅಂತೀರಿ ಅಂತ ಅವನು ಕೇಳುವಾಗ ಪನಾಮಾದ ಮರಿಯಾನೊ ರಿವೆರಾ, ಪೋರ್ಟೊರಿಕೊದ ಬರ್ನಿ ವಿಲಿಯಮ್ಸ್, ಕ್ಯೂಬಾದ ಹೆರ್ನಾಂಡೆಸ್ ಎಲ್ಲ ಅವನ ಬೆನ್ನಿಗೆ ನಿಂತಿರುತ್ತಾರೆ. ನಾನು ಆಗ ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋಗುತ್ತೇನೆ.

ಈ ವ್ಯಾಜ್ಯ ಹಿಂದಿನ ದಸರೆಯಲ್ಲಿ ಒಂದು ಘಟ್ಟಕ್ಕೆ ಬಂತು. ವರ್ಲ್ಡ್ ಸೀರೀಸಿನ ಕಾಲಕ್ಕೇ ನಮ್ಮ ನವರಾತ್ರಿಯೂ ಬರುವುದು ಇಲ್ಲಿಯ ಕನ್ನಡ ಮನೆಗಳಿಗೆ ಒದಗಿರುವ ಅನುಕೂಲ. ಹೆಂಡತಿ ಗೊಂಬೆ ಕೂರಿಸಿದ್ದಳು. ಪಟ್ಟದ ಗೊಂಬೆಗಳಿಂದ ಮೂರು ಮೆಟ್ಟಿಲು ಕೆಳಗೆ, ಶೆಟ್ಟಿ ಮತ್ತು ಶೆಟ್ಟಮ್ಮನ ಅಂಗಡಿಯ ಪಕ್ಕದಲ್ಲಿ, ಭಾವಮೈದ ತಂದಿಟ್ಟ, ತನ್ನ 1998ರ ತಂಡದ ಡೆರೆಕ್ ಜೀಟರ್ ಗೊಂಬೆ ತಲೆ ಅಲ್ಲಾಡಿಸುತ್ತ ನಿಂತಿತ್ತು. ಅಕ್ಕ ತಮ್ಮನಿಗೆ ಇಲ್ಲ ಅಂದಿರಲಿಲ್ಲ.

ಗೊಂಬೆ ನೋಡಲು ಪಕ್ಕದ ಮನೆಯಾಕೆ ಬಂದರು. ಬಾಸ್ಟನ್ ಕಡೆಯವರು. ಕುಂಕುಮ ಇಡಿಸಿಕೊಂಡು, ಕಡಲೆ ಉಸಲಿ ತಿನ್ನುತ್ತ, ನಮ್ಮಿಬ್ಬರ ಜಗಳವನ್ನು ಬಹಳ ಹೊತ್ತು ತಾಳ್ಮೆಯಿಂದ ಕೇಳಿದರು. ಆಮೇಲೆ, "ನನ್ನ ಪ್ರಕಾರ ಯಾಂಕೀಸ್ ಕಟ್ಟಿದ ಅತ್ಯಂತ ಶ್ರೇಷ್ಠ ತಂಡ 2004ರದ್ದು," ಅಂದರು.

ಭಾವಮೈದನ ಮುಖ ಬಾಡಿತು. 2004ರ ಅಕ್ಟೋಬರಿನಲ್ಲಿ ಯಾಂಕೀಸ್ ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ ಮೂರು ಪಂದ್ಯ ಸಾಲಾಗಿ ಗೆದ್ದಿತ್ತು, ಮೂರನೆಯದಂತೂ 19-8. ಇನ್ನೊಂದು ಗೆದ್ದರೆ ಮುಗಿಯಿತು. ನಾಲ್ಕನೆಯದರ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಒಂದು ರನ್ ಮುಂದಿದ್ದು ಚೆಂಡು ರಿವೆರಾ ಕೈಯಲ್ಲಿತ್ತು. ಅಲ್ಲಿಂದ ಬಾಸ್ಟನ್‌ನ ಡೇವ್ ರಾಬರ್ಟ್ಸ್ ಎರಡನೆಯ ಬೇಸ್ ಕದ್ದ, ಸ್ಕೋರು ಸಮ ಆಯಿತು. ಆ ಪಂದ್ಯ, ಅದರ ಮುಂದಿನದು, ಅದರ ಮುಂದಿನದು, ಕೊನೆಯದು, ನಾಲ್ಕೂ ಬಾಸ್ಟನ್‌ಗೆ. ಹಾಗೆ ಎದ್ದ ರೆಡ್ ಸಾಕ್ಸ್ 86 ವರ್ಷಗಳ ಮೇಲೆ ವರ್ಲ್ಡ್ ಸೀರೀಸ್ ಗೆದ್ದರು.

"ಅಷ್ಟು ಸಂತೋಷ ನಮಗೆ ಬೇರೆ ಯಾವ ಯಾಂಕೀಸ್ ತಂಡವೂ ಕೊಟ್ಟಿಲ್ಲ," ಅಂದರು ಆಕೆ, ಉಸಲಿಯ ತಟ್ಟೆ ಕೆಳಗಿಡುತ್ತ. "ಬರೋ ವರ್ಷ ನನ್ನ ಕಡೆಯಿಂದಲೂ ಒಂದು ಗೊಂಬೆ ಇಡಬಹುದಾ? ಡೇವ್ ರಾಬರ್ಟ್ಸ್‌ದು ಒಂದಿದೆ. ಇದರ ಪಕ್ಕದಲ್ಲೇ."

ಹೆಂಡತಿ ಧಾರಾಳವಾಗಿ ಆಗಲಿ ಅಂದಳು. ಭಾವಮೈದ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡ. "ಭಾವ, ನಿಮ್ಮ ಮೂವತ್ತೊಂಬತ್ತಕ್ಕೇ ನನ್ನ ವೋಟು, ಬೇಕಾದ್ರೆ ಬರೆದುಕೊಡ್ತೀನಿ. ಅಕ್ಕನ ಹತ್ರ ಹೇಳಿ ಅದೊಂದು ಗೊಂಬೆ ಮಾತ್ರ ತಪ್ಪಿಸಿ."